ದೊರೆಸಾನಿಯ ತಲೆಗೆ ಎಣ್ಣೆ ಹಚ್ಚಿದವರು

ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ನಮ್ಮಮ್ಮ ಐವತ್ತು ವರ್ಷ ಸಂಸಾರ ಮಾಡಿದಳು, ಒಂದು ಸಲವೂ ನಮ್ಮಪ್ಪನ ಹೆಸರನ್ನು ಬಾಯಲ್ಲಿ ಹೇಳಲಿಲ್ಲ. ಬ್ಯಾಂಕಿನವರು ಕೇಳಿದರೂ ನನ್ನ ಕಡೆ ತಿರುಗಿ ನೀನೇ ಹೇಳು ಎನ್ನುತ್ತಿದ್ದಳು. ಆದರೂ ‘ಇವರು’ ಎಂದರೆ ಯಾರು ಎಂದು ಮೈಸೂರಿನ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಆ ಧೈರ್ಯದ ಮೇಲೆ ನಾನೂ ಹೆಸರಿನ ಹಂಗಿಲ್ಲದೆ ಹೊರಟಿದ್ದೇನೆ. ಇದರಲ್ಲಿ ಬರುವ ರಾಜರಿಗೂ ದೊರೆಸಾನಿಗೂ ಹೆಸರುಗಳಿವೆ. ಅವರೆಲ್ಲ ತೀರಿಕೊಂಡು ನೂರಾರು ವರ್ಷವಾದ್ದರಿಂದ ಬೇಸರ ಮಾಡಿಕೊಳ್ಳಲಾರರು ಎಂದುಕೊಂಡಿದ್ದೇನೆ.

ನಾನಿರುವುದು ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ. ಇಂಗ್ಲೆಂಡಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಈ ವಿದ್ಯೆ ನನಗೆ ಹುಟ್ಟಿನಿಂದಲೇ ಇತ್ತು, ಇಲ್ಲಿ ಅದಕ್ಕೊಂದು ಹುದ್ದೆ ಸಿಕ್ಕಿತು ಎನ್ನುತ್ತಾರೆ ನನ್ನ ಗಂಡ. ಮಗಳು ಯೂನಿವರ್ಸಿಟಿಗೆ ಹೋದಮೇಲೆ ಶನಿವಾರಗಳು ಖಾಲಿಯಾದವು. ಪಕ್ಕದ ಕೊವೆಂಟ್ರಿಯಲ್ಲಿ ಬಂದವರಿಗೆ ಹಳೆಯ ಊರು ತೋರಿಸಿ ಕಥೆ ಹೇಳುವ ಒಂದು ಗುಂಪಿದೆ, ಎಲ್ಲರೂ ಸಂಬಳವಿಲ್ಲದೆ ಹೇಳುವವರು. ನಾನೂ ಹೋಗಿ ಸೇರಿಕೊಂಡೆ.

ಆ ಗುಂಪಿನ ಯಜಮಾನಿ ಎಂಬತ್ತರ ಹತ್ತಿರದ ಇಂಗ್ಲಿಷ್ ಹೆಂಗಸು. ಜೀವನವಿಡೀ ಅದೇ ಊರಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಮನೆಯಲ್ಲಿ ನಾನು ಅವರನ್ನು ಮೇಷ್ಟ್ರಮ್ಮ ಎನ್ನುತ್ತೇನೆ. ಕತ್ತರಿಸಿದ ಬಿಳಿ ಕೂದಲು, ಮಳೆಗೂ ಬಿಸಿಲಿಗೂ ಒಂದೇ ನೀಲಿ ಕೋಟು. ಕೈಯಲ್ಲಿ ಯಾವಾಗಲೂ ಬಿಸ್ಕೆಟ್ಟಿನ ಹಳೆಯ ತಗಡಿನ ಡಬ್ಬಿ. ಅದರೊಳಗೆ ಬಿಸ್ಕೆಟ್ಟಿಲ್ಲ. ಊರಿನ ಒಂದೊಂದು ಕಥೆಗೂ ಒಂದೊಂದು ಕಾರ್ಡು ಬರೆದು ಜೋಡಿಸಿಟ್ಟಿದ್ದಾರೆ, ಕಥೆಯ ಕೆಳಗೆ ಅದು ಎಲ್ಲಿಂದ ಬಂತು ಎಂದೂ ಬರೆದಿದ್ದಾರೆ. ಅವರದ್ದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾವ ಕಥೆ ಹೇಳುವಾಗಲೂ ಮೂರರಲ್ಲಿ ಒಂದು ಮಾತು ಸೇರಿಸಬೇಕು: ಇದನ್ನು ಬರೆದಿಟ್ಟಿದ್ದಾರೆ, ಇದನ್ನು ಊರಿನವರು ಹೇಳುತ್ತಾರೆ, ಇದು ನಮಗೆ ಗೊತ್ತಿಲ್ಲ. ಈ ಮೂರನ್ನೂ ಒಂದಕ್ಕೊಂದು ಬೆರೆಸಿದವರು ಅವರ ಪಾಲಿಗೆ ಹಾಲಿಗೆ ನೀರು ಬೆರೆಸಿದವರ ಲೆಕ್ಕ.

ನನಗೆ ಮೊದಲ ಎರಡು ವರ್ಷ ಬಾಲ ಹಿಡಿಯುವ ಕೆಲಸ. ಗುಂಪಿನ ಕೊನೆಯಲ್ಲಿ ನಡೆದು, ಅಂಗಡಿಯ ಮುಂದೆ ನಿಂತುಬಿಟ್ಟವರನ್ನು ಕರೆದುಕೊಂಡು ಬರುವುದು. ಮೂರನೆಯ ವರ್ಷ ಊರಿನ ನಡುವೆ ಕುದುರೆಯ ಮೇಲೆ ಕೂತಿರುವ ದೊರೆಸಾನಿಯ ಪ್ರತಿಮೆಯ ಹತ್ತಿರ ಐದು ನಿಮಿಷ ಮಾತಾಡಲು ಬಿಟ್ಟರು. ಆ ಐದು ನಿಮಿಷಕ್ಕಾಗಿ ನಾನು ವಾರವೆಲ್ಲ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ. ನೀವು ಮೂಲತಃ ಎಲ್ಲಿಯವರು ಎಂದು ಇಪ್ಪತ್ತೆರಡು ವರ್ಷದಿಂದ ಕೇಳಿಸಿಕೊಂಡು ಸಾಕಾಗಿತ್ತು. ಅಲ್ಲಿ ಮಾತ್ರ ಈ ಊರಿನವರೇ ಈ ಊರಿನ ಬಗ್ಗೆ ನನ್ನನ್ನು ಕೇಳುತ್ತಿದ್ದರು. ಮೇಷ್ಟ್ರಮ್ಮನ ಮಂಡಿ ಕೈಕೊಡುತ್ತಿತ್ತು. ಈ ಸೆಪ್ಟೆಂಬರಿನಿಂದ ಶನಿವಾರದ ನಡಿಗೆಯನ್ನೂ ಡಬ್ಬಿಯನ್ನೂ ನಿಮಗೇ ಒಪ್ಪಿಸುತ್ತೇನೆ ಎಂದು ಅವರು ಹೇಳಿದ ದಿನ ನಾನು ಸ್ಟೇಷನ್ನಿಗೆ ಬಂದು ತಪ್ಪು ಪ್ಲಾಟ್‌ಫಾರಂನಲ್ಲಿ ನಿಂತಿದ್ದೆ.

ಆ ಏಪ್ರಿಲ್ಲಿನಲ್ಲಿ ಅಮ್ಮ ಬಂದಳು. ಪ್ರತಿ ವರ್ಷ ಆರು ತಿಂಗಳು ಬಂದಿರುತ್ತಾಳೆ. ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಹುಳಿಪುಡಿ, ಮತ್ತು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಬಾಟಲಿ ತಲೆಎಣ್ಣೆ. ಗರುಗದ ಸೊಪ್ಪು, ದಾಸವಾಳದ ಎಲೆ, ಮೆಂತ್ಯ ಹಾಕಿ ಅವಳೇ ಕಾಯಿಸಿದ ಕೊಬ್ಬರಿ ಎಣ್ಣೆ. ಇಲ್ಲಿಯ ಚಳಿಗೆ ಅದು ಬಾಟಲಿಯೊಳಗೇ ಹೆಪ್ಪುಗಟ್ಟಿ ಕೂರುತ್ತದೆ. ಹಿಂದಿನ ದಿನವೇ ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಮೇಲಿಟ್ಟು ಕರಗಿಸಿ, ಭಾನುವಾರ ಬೆಳಿಗ್ಗೆ ನಾನು ಅವಳ ತಲೆಗೆ ಹಚ್ಚಬೇಕು. ಮನೆಯಿಡೀ ಘಮಘಮ ಎನ್ನುತ್ತದೆ. ನನ್ನ ಗಂಡ ಆ ಹೊತ್ತಿಗೆ ಸರಿಯಾಗಿ ಕಾರು ತೊಳೆಯಲು ಹೊರಗೆ ಹೋಗುತ್ತಾರೆ.

ನಾನು ಕಲಿತ ಇಂಗ್ಲಿಷರ ಕಥೆಗಳನ್ನೆಲ್ಲ ಮೊದಲು ಹೇಳಿ ನೋಡುತ್ತಿದ್ದದ್ದು ಅಮ್ಮನ ಮುಂದೆ, ಈ ಎಣ್ಣೆ ಹಚ್ಚುವ ಹೊತ್ತಿನಲ್ಲಿ. ಅವಳು ಒಳ್ಳೆಯ ಶ್ರೋತೃವಲ್ಲ. ಕಥೆಯ ರಾಜ ಎಲ್ಲಿ ನೋಡು ಎನ್ನುತ್ತಾನೋ ಅಲ್ಲಿ ನೋಡದೆ ಬೇರೆಲ್ಲೋ ನೋಡುತ್ತಾಳೆ.

ಹಳೆಯ ಕಾಲದ ಒಬ್ಬ ರಾಜ ಯುದ್ಧದಲ್ಲಿ ಸೋತು ಜೌಗಿನ ನಡುವಿನ ಒಂದು ಗುಡಿಸಲಿನಲ್ಲಿ ಗುರುತು ಮರೆಸಿಕೊಂಡಿದ್ದನಂತೆ. ಮನೆಯಾಕೆ ಒಲೆಯ ಮೇಲಿನ ರೊಟ್ಟಿ ನೋಡಿಕೊ ಎಂದು ಹೇಳಿ ಆಚೆ ಹೋದಳು. ಅವನು ರಾಜ್ಯದ ಚಿಂತೆಯಲ್ಲಿ ರೊಟ್ಟಿಯನ್ನೆಲ್ಲ ಸೀಯಿಸಿದ, ಅವಳಿಂದ ಚೆನ್ನಾಗಿ ಬೈಸಿಕೊಂಡ. ಆಮೇಲೆ ಸೈನ್ಯ ಕಟ್ಟಿ ಗೆದ್ದ. ಇಂಗ್ಲಿಷ್ ಮಕ್ಕಳಿಗೆಲ್ಲ ಗೊತ್ತಿರುವ ಕಥೆ ಇದು. ಅಮ್ಮ ಕೇಳಿದ್ದು ಇಷ್ಟೇ: ಮತ್ತೆ ಹಿಟ್ಟು ಕಲಸಿದ್ದು ಯಾರು?

ಇನ್ನೊಬ್ಬ ರಾಜ, ಹೊಗಳುಭಟ್ಟರಿಗೆ ಬುದ್ಧಿ ಕಲಿಸಬೇಕೆಂದು ಸಮುದ್ರದ ದಂಡೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಅಲೆಗಳಿಗೆ ನಿಲ್ಲಿ ಎಂದು ಅಪ್ಪಣೆ ಕೊಟ್ಟನಂತೆ. ಅಲೆ ನಿಲ್ಲಲಿಲ್ಲ, ಕಾಲು ನೆನೆಯಿತು, ನೋಡಿ ನನ್ನ ಅಧಿಕಾರ ಇಷ್ಟೇ ಎಂದ. ಎಂಥ ವಿನಯ ನೋಡಮ್ಮ ಎಂದೆ. ಆ ಕುರ್ಚಿಯನ್ನು ದಂಡೆಯವರೆಗೆ ಹೊತ್ತುಕೊಂಡು ಹೋದವರು ಯಾರು, ಒದ್ದೆ ಮರಳಿನಲ್ಲಿ ವಾಪಸು ಹೊತ್ತು ತಂದವರು ಯಾರು ಎಂದಳು. ಲೆಸ್ಟರಿಗೆ ಸೀರೆ, ತರಕಾರಿ ತರಲು ಹೋದಾಗ ಅಲ್ಲಿ ಕಾರು ನಿಲ್ಲಿಸುವ ಜಾಗದ ಕೆಳಗೆ ಐನೂರು ವರ್ಷ ಬಿದ್ದಿದ್ದು, ಈಗ ಚರ್ಚಿನಲ್ಲಿ ಮಣ್ಣಾದ ರಾಜನ ಸಮಾಧಿಯನ್ನೂ ತೋರಿಸಿದೆ. ಅಮ್ಮ ಕೈಮುಗಿದು, ಸದ್ಯ ಇಷ್ಟು ತಡವಾದರೂ ಅಪರಕರ್ಮ ಮಾಡುವವರು ಸಿಕ್ಕಿದರಲ್ಲ ಎಂದು ಸಮಾಧಾನಪಟ್ಟಳು. ಆಮೇಲೆ, ಮೂಳೆ ತೊಳೆದವರು ಯಾರಂತೆ ಎಂದು ಕೇಳಿದಳು.

ಹೀಗಿರುವಾಗ ಮೇ ತಿಂಗಳ ಒಂದು ಭಾನುವಾರ ನನ್ನ ದೊರೆಸಾನಿಯ ಕಥೆ ಹೇಳಿದೆ. ಕೊವೆಂಟ್ರಿಯ ದೊರೆ ಜನರ ಮೇಲೆ ಹೊರಲಾರದ ತೆರಿಗೆ ಹೇರಿದ್ದ. ಕಡಿಮೆ ಮಾಡಿ ಎಂದು ಹೆಂಡತಿ ದಿನಾ ಬೇಡಿಕೊಂಡಳು. ಪೀಡೆ ತೊಲಗಲಿ ಎಂದು ಅವನು, ನೀನು ಬಟ್ಟೆಯಿಲ್ಲದೆ ಕುದುರೆಯ ಮೇಲೆ ಪೇಟೆ ದಾಟಿದರೆ ಕಡಿಮೆ ಮಾಡುತ್ತೇನೆ ಎಂದ. ಅವಳು ಹಾಗೇ ಹೋದಳು. ಅವಳ ಕೂದಲು ಎಷ್ಟು ಉದ್ದವಿತ್ತೆಂದರೆ ಮೈಯೆಲ್ಲ ಮುಚ್ಚಿತ್ತು, ಕಾಲು ಬಿಟ್ಟರೆ ಬೇರೇನೂ ಕಾಣಲಿಲ್ಲ. ಊರಿನವರು ಗೌರವದಿಂದ ಕಿಟಕಿ ಬಾಗಿಲು ಹಾಕಿಕೊಂಡರು. ಒಬ್ಬ ದರ್ಜಿ ಮಾತ್ರ ಸಂದಿಯಿಂದ ಇಣುಕಿದ, ಕಣ್ಣು ಕಳೆದುಕೊಂಡ. ತೆರಿಗೆ ಹೋಯಿತು. ಇವತ್ತಿಗೂ ಅಲ್ಲಿಯ ಗಡಿಯಾರದಿಂದ ಗಂಟೆಗೊಮ್ಮೆ ದೊರೆಸಾನಿಯ ಗೊಂಬೆ ಹೊರಬರುತ್ತದೆ, ಮೇಲಿನ ಕಿಟಕಿಯಿಂದ ಇಣುಕುವವನ ಗೊಂಬೆ ಇಣುಕುತ್ತದೆ.

ಅಮ್ಮ ಬೈಯುತ್ತಾಳೇನೋ ಎಂದುಕೊಂಡೆ. ಬೈಯಲಿಲ್ಲ.

“ಅಷ್ಟುದ್ದ ಕೂದಲಿಗೆ ಎಣ್ಣೆ ಹಚ್ಚಿ ಬಾಚಿದವರು ಯಾರೇ?” ಎಂದಳು. “ಮೊಣಕಾಲಿನ ತನಕ ಇರೋ ಕೂದಲು ಒಬ್ಬರ ಕೈಗೆ ಬಗ್ಗಲ್ಲ. ಸೊಂಟದ ಕೆಳಗೆ ಸ್ವಂತ ಕೈ ಎಟಕೋದೇ ಇಲ್ಲ. ನನಗೆ ಗೊತ್ತು.”

ಅವಳಿಗೆ ಗೊತ್ತಿರಲೇಬೇಕು. ನಮ್ಮ ಮನೆಯ ಮೆಟ್ಟಿಲಿನ ಗೋಡೆಯ ಮೇಲೆ ಅವಳ ಮದುವೆಯಾದ ವರ್ಷದ ಫೋಟೊ ಇದೆ. ಮೊಗ್ಗಿನ ಜಡೆ ಹಾಕಿಸಿ, ಸ್ಟುಡಿಯೊದಲ್ಲಿ ಬೆನ್ನ ಹಿಂದೆ ನಿಲುವುಗನ್ನಡಿ ಇಟ್ಟು ತೆಗೆಸಿದ್ದು. ಮುಂದೆ ಹತ್ತೊಂಬತ್ತು ವರ್ಷದ ಹುಡುಗಿ, ಕನ್ನಡಿಯೊಳಗೆ ಮೊಣಕಾಲು ಮುಟ್ಟುವ ಜಡೆ. ಈಗ ಅದು ಇಲಿಬಾಲವಾಗಿದೆ, ಆದರೂ ಭಾನುವಾರದ ಎಣ್ಣೆ ತಪ್ಪಿಲ್ಲ. ಆಗ ಅವಳ ಅತ್ತಿಗೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಅಡುಗೆಗೆ ಕೈಹಾಕುವ ಮೊದಲು ಇವಳ ತಲೆ ಬಾಚುತ್ತಿದ್ದಳಂತೆ. ಕುದುರೆ ಒಂದು ಹೆಜ್ಜೆ ಇಟ್ಟರೆ ಒಣಕೂದಲು ಹಾರಿಹೋಗುತ್ತದೆ, ಎಣ್ಣೆ ಹಾಕಿ ಎಳೆ ಎಳೆ ಬಿಡಿಸಿ ಮೈಗೆ ಅಂಟುವಂತೆ ಹರಡಿದರೆ ಮಾತ್ರ ನಿಲ್ಲುತ್ತದೆ, ಆ ದೊರೆಸಾನಿಯ ಮಾನ ಕಾದದ್ದು ಕೂದಲಲ್ಲ, ಬೆಳಿಗ್ಗೆ ಎದ್ದು ಅದನ್ನು ಹರಡಿದ ಕೈ ಎಂದು ಅಮ್ಮ ತೀರ್ಪು ಕೊಟ್ಟಳು. ಎಣ್ಣೆ ಹಚ್ಚಿದ ಅವಳ ಬಗ್ಗೆ ಏನು ಬರೆದಿದ್ದಾರೆ ಎಂದು ಕೇಳಿದಳು. ಏನೂ ಬರೆದಿಲ್ಲ ಎಂದೆ. ಬರೆಯಲ್ಲ ಬಿಡು, ಎಂದಳು.

ಮುಂದಿನ ಶನಿವಾರ ಪ್ರತಿಮೆಯ ಹತ್ತಿರ ಹದಿನೈದು ಜನರಿದ್ದರು. ಮೇಷ್ಟ್ರಮ್ಮ ಹಿಂದೆ ಬೆಂಚಿನ ಮೇಲೆ ಕೂತಿದ್ದರು. ಕಥೆ ಹೇಳುತ್ತಾ ಹೋದಂತೆ ನಾಲಿಗೆಗೆ ಹುರುಪು ಬಂದು, ಆ ಬೆಳಗಿನ ಜಾವ ಒಬ್ಬ ದಾಸಿ ಬೆಂಕಿಯ ಪಕ್ಕ ಎಣ್ಣೆ ಬೆಚ್ಚಗೆ ಮಾಡಿ ದೊರೆಸಾನಿಯ ತಲೆಗೆ ಹಚ್ಚಿದಳು ಎಂದುಬಿಟ್ಟೆ. ಎಲ್ಲರೂ ತಲೆಯೆತ್ತಿ ಪ್ರತಿಮೆಯ ಕೂದಲನ್ನೇ ನೋಡಿದರು. ಒಬ್ಬಾಕೆ, ಇದನ್ನು ಯಾರು ಹೇಳುತ್ತಾರೆ ಎಂದು ಕೇಳಿದಳು. ನಮ್ಮಮ್ಮ ಎನ್ನಬೇಕಿತ್ತು. ಬಾಯಿಗೆ ಬಂದದ್ದು, ಈ ಊರಿನ ಹಳಬರು ಹೇಳುತ್ತಾರೆ. ಅವಳ ಗಂಡ, ಯಾವ ಎಣ್ಣೆ ಎಂದ. ಕೊಬ್ಬರಿ ಎಣ್ಣೆ ಎನ್ನುವ ಹಾಗಿಲ್ಲ, ಆಗ ಇಲ್ಲಿ ತೆಂಗಿನಕಾಯಿ ಎಲ್ಲಿಂದ ಬರಬೇಕು. ಹೆಬ್ಬಾತಿನ ಕೊಬ್ಬು ಎಂದೆ. ಹುಟ್ಟಿದಾರಭ್ಯ ಮೊಟ್ಟೆಯನ್ನೂ ತಿನ್ನದ ನಾನು ಅದನ್ನು ಎಲ್ಲಿಂದ ತಂದೆನೋ ಇವತ್ತಿಗೂ ಗೊತ್ತಿಲ್ಲ. ಎಲ್ಲರೂ ತಲೆದೂಗಿದರು.

ನಡಿಗೆ ಮುಗಿದಮೇಲೆ ಮೇಷ್ಟ್ರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಅವರ ಕಣ್ಣು ಹೊಳೆಯುತ್ತಿತ್ತು. ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದೇನೆ, ಈ ದಾಸಿಯ ಮಾತು ಕೇಳಿರಲಿಲ್ಲ, ನಿಮಗೆ ಹೇಳಿದವರು ಯಾರು ಎಂದರು. ಒಬ್ಬರು ವಯಸ್ಸಾದ ಹೆಂಗಸು ಎಂದೆ. ಅದು ಸುಳ್ಳಲ್ಲ. ಇಂಗ್ಲಿಷರು ತಲೆಗೆ ಎಣ್ಣೆ ಹಚ್ಚುವುದನ್ನು ಸುಮ್ಮಸುಮ್ಮನೆ ಕಲ್ಪಿಸಿಕೊಳ್ಳುವ ಜನವೇ ಅಲ್ಲ, ಆದ್ದರಿಂದ ಇದು ಹಳೆಯ ಮಾತೇ ಇರಬೇಕು ಎಂದು ಅವರು ತರ್ಕ ಮಾಡಿದರು. ಹೆಬ್ಬಾತಿನ ಕೊಬ್ಬಂತೂ ಅವರನ್ನು ಪೂರ್ತಿ ಒಪ್ಪಿಸಿಬಿಟ್ಟಿತ್ತು. ಅವರ ಅಜ್ಜಿ ನೆಗಡಿಗೆ ಅದನ್ನೇ ಎದೆಗೆ ಉಜ್ಜುತ್ತಿದ್ದರಂತೆ.

ಅಲ್ಲಿಗೆ ಮುಗಿಯಬಹುದಿತ್ತು. ಮುಗಿಯಲಿಲ್ಲ. ಎರಡು ವಾರದೊಳಗೆ ಗುಂಪಿನ ಇನ್ನಿಬ್ಬರು ತಮ್ಮ ನಡಿಗೆಗಳಲ್ಲಿ ದಾಸಿಯನ್ನು ಸೇರಿಸಿಕೊಂಡರು. ಒಬ್ಬರ ಕಥೆಯಲ್ಲಿ ಅವಳು ಮುದುಕಿಯಾಗಿದ್ದಳು, ಇನ್ನೊಬ್ಬರದರಲ್ಲಿ ಅಳುತ್ತಾ ಎಣ್ಣೆ ಹಚ್ಚುತ್ತಿದ್ದಳು. ನಾನು ಆಫೀಸಿನಲ್ಲಿ ಯಾರದೋ ಪ್ರೋಗ್ರಾಮಿನ ತಪ್ಪು ಬೇರೆ ಪ್ರೋಗ್ರಾಮಿಗೆ ಹರಡಿತೆಂದು ಉದ್ದುದ್ದ ಮೇಲ್ ಬರೆಯುವವಳು, ಇದನ್ನು ನೋಡುತ್ತಾ ಬಾಯಿ ಮುಚ್ಚಿಕೊಂಡಿದ್ದೆ. ಜುಲೈನಲ್ಲಿ ಗುಂಪಿನ ಹೊಸ ಕರಪತ್ರದ ಕರಡು ಬಂತು. ಅದರಲ್ಲಿ ದೊರೆಸಾನಿಯ ಕಥೆಯ ಕೆಳಗೆ, ಕೊವೆಂಟ್ರಿಯ ಹಳೆಯ ಹೆಂಗಸರು ಹೇಳುವ ಪ್ರಕಾರ ಎಂದು ಶುರುವಾಗಿ ನಮ್ಮ ದಾಸಿ ಇದ್ದಳು. ಜೊತೆಗೆ ಮೇಷ್ಟ್ರಮ್ಮನ ಚೀಟಿ: ಅಚ್ಚಿಗೆ ಕೊಡುವ ಮೊದಲು ಆ ಅಜ್ಜಿಯನ್ನು ನಾನು ನೋಡಬೇಕು, ಕಾರ್ಡಿನಲ್ಲಿ ಬರೆಯಬೇಕು, ಆಮೇಲೆ ಡಬ್ಬಿ ನಿಮ್ಮದು.

ಗಂಡನಿಗೆ ತೋರಿಸಿದೆ. ಅಜ್ಜಿ ಊರಿಗೆ ಹೋದರು ಎಂದು ಹೇಳಿಬಿಡು, ಸೆಪ್ಟೆಂಬರಿನಲ್ಲಿ ಅದೂ ನಿಜವೇ ಆಗುತ್ತದಲ್ಲ ಎಂದರು. ನನಗೂ ಒಳಗೊಳಗೆ ಅದೇ ಉಪಾಯ ಹೊಳೆದಿತ್ತು. ಕರಪತ್ರ ಕೈಯಲ್ಲಿ ಹಿಡಿದು ಅಮ್ಮನ ಹತ್ತಿರ ಹೋದೆ. ಸಂತೋಷಪಡುತ್ತಾಳೆ ಎಂದೇ ಅಂದುಕೊಂಡಿದ್ದೆ. ನೀನು ಹೇಳಿದ ಮಾತು ಅಚ್ಚಾಗುತ್ತಿದೆ ನೋಡಮ್ಮ ಎಂದು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಅವಳು ಅವರೆಕಾಳು ಹಿಸುಕುವುದನ್ನು ಅಲ್ಲಿಗೇ ನಿಲ್ಲಿಸಿದಳು. ಲೆಸ್ಟರಿನಿಂದ ತಂದ, ಫ್ರೀಜರಿನ ಅವರೆ ಅದು.

“ಯಾವ ಊರ ಹೆಂಗಸರು ಹೇಳಿದ್ದು?” ಎಂದಳು.

ಕೊವೆಂಟ್ರಿಯ ಹೆಂಗಸರು ಎಂದು ಹಾಕಿದ್ದಾರೆ, ಹೇಗೋ ಹಾಗಾಗಿಬಿಟ್ಟಿತು ಎಂದೆ.

“ನಮ್ಮಮ್ಮ ಹೇಳಿದ್ದು ಅನ್ನೋಕೆ ನಾಚಿಕೆ ಆಯ್ತಾ ನಿನಗೆ?” ಅವಳ ದನಿ ಏರಲಿಲ್ಲ. “ಎಣ್ಣೆ ಹಚ್ಚಿದವಳನ್ನ ಯಾರೂ ಬರೆದಿಡಲಿಲ್ಲ ಅಂತ ತಾನೇ ನಾನು ಅಂದಿದ್ದು. ನೀನೂ ಅದನ್ನೇ ಮಾಡಿದೆಯಲ್ಲೇ.”

ಮತ್ತೆ ಅವರೆಕಾಳಿಗೆ ಕೈಹಾಕಿದಳು. ನಾನು ಅಲ್ಲೇ ನಿಂತಿದ್ದೆ. ನಾಚಿಕೆ ಆಗಿತ್ತು, ಅದು ನಿಜ. ಇಂಗ್ಲಿಷರ ದೊರೆಸಾನಿಯ ಕಥೆಯಲ್ಲಿ ಮೈಸೂರಿನ ಒಬ್ಬ ಮುದುಕಿಯ ಮಾತಿಗೆ ಏನು ಬೆಲೆ ಎಂದು ನನ್ನ ನಾಲಿಗೆಯೇ ಮೊದಲು ತೀರ್ಮಾನಿಸಿಬಿಟ್ಟಿತ್ತು. ಬೇರೆ ಯಾರೂ ಹಾಗೆ ಅಂದಿರಲಿಲ್ಲ, ಅಂದವಳು ನಾನೇ.

ಮೇಷ್ಟ್ರಮ್ಮನಿಗೆ ಫೋನು ಮಾಡಿ, ಹಳೆಯ ಕೆಥೀಡ್ರಲ್ಲಿನ ಹತ್ತಿರದ ಕೆಫೆಗೆ ಬರಹೇಳಿದೆ. ಅವರು ಡಬ್ಬಿ ತಂದಿದ್ದರು, ಹೊಸ ಕಾರ್ಡೊಂದನ್ನು ಮೇಲೆಯೇ ಇಟ್ಟುಕೊಂಡಿದ್ದರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಕೊವೆಂಟ್ರಿಯ ಅಜ್ಜಿ ಇಲ್ಲ. ಹೆಬ್ಬಾತೂ ಇಲ್ಲ. ಇರುವುದು ನಮ್ಮಮ್ಮ, ಅವಳು ಹೇಳಿದ್ದು ಕಥೆಯಲ್ಲ, ಪ್ರಶ್ನೆ. ಅದನ್ನು ಕಥೆ ಮಾಡಿ ನಿಮ್ಮ ಊರಿನವರ ತಲೆಗೆ ಕಟ್ಟಿದವಳು ನಾನು.

ಅವರು ಚಹಾ ಕಲಕಿದರು. ಸಕ್ಕರೆ ಹಾಕಿಕೊಳ್ಳುವವರಲ್ಲ, ಆದರೂ ಬಹಳ ಹೊತ್ತು ಕಲಕಿದರು. ಆಮೇಲೆ ಪೆನ್ನು ತೆಗೆದು ಕರಡಿನ ಆ ಮೂರು ಸಾಲಿನ ಮೇಲೆ ಸ್ಕೇಲಿಟ್ಟ ಹಾಗೆ ನೇರವಾಗಿ ಗೆರೆ ಎಳೆದರು. ನನಗೆ ಸ್ವಲ್ಪ ನಿರಾಸೆಯಾಗಿದೆ ಎಂದರು.

ಇಂಗ್ಲಿಷರ ಸ್ವಲ್ಪ ಎಂಬ ಮಾತಿನ ತೂಕ ತಿಳಿಯಲು ನನಗೆ ಹತ್ತು ವರ್ಷ ಹಿಡಿದಿತ್ತು. ಡಾಕ್ಟರು ಸ್ವಲ್ಪ ನೋಯಬಹುದು ಎಂದರೆ ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪಕ್ಕದ ಮನೆಯವರು ಸ್ವಲ್ಪ ಸದ್ದಾಯಿತು ಎಂದರೆ ಊರಿನ ಕೌನ್ಸಿಲ್‌ಗೆ ಕಾಗದ ಬರೆದಾಗಿದೆ ಎಂದರ್ಥ. ಸ್ವಲ್ಪ ನಿರಾಸೆ ಎಂದರೆ ಏನೆಂದು ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಸೆಪ್ಟೆಂಬರಿನ ವಿಷಯ ಈಗ ಬೇಡ, ಮುಂದಿನ ಏಪ್ರಿಲ್ಲಿಗೆ ನೋಡೋಣ ಎಂದು ಡಬ್ಬಿಯ ಮುಚ್ಚಳ ಹಾಕಿದರು. ಅಳು ಬಂತು. ಐವತ್ತೊಂದು ವರ್ಷದ ನಾನು ಕೆಫೆಯಲ್ಲಿ ಸ್ಕೋನ್ ಎಂಬ ಬನ್ನಿನ ಮುಂದೆ ಕೂತು ಅಳಬಾರದೆಂದು ಕಿಟಕಿಯ ಆಚೆ ನೋಡಿದೆ.

ಏಳುವ ಮೊದಲು ಅವರು ಇನ್ನೊಂದು ಮಾತು ಹೇಳಿದರು. ಇಣುಕಿ ಕಣ್ಣು ಕಳೆದುಕೊಂಡ ಆ ದರ್ಜಿಯೂ ಮೊದಲು ಬರೆದವರ ಕಥೆಯಲ್ಲಿ ಇಲ್ಲವಂತೆ. ಎಷ್ಟೋ ಶತಮಾನದ ಮೇಲೆ ಯಾರೋ ಸೇರಿಸಿದ್ದು. ಸೇರಿಸಿದ್ದು ತಪ್ಪಲ್ಲ, ಯಾವಾಗ ಸೇರಿಸಿದರು ಎಂದು ನನ್ನ ಕಾರ್ಡಿನಲ್ಲಿ ಇದೆ ಎಂದರು. ಬಾಗಿಲವರೆಗೆ ಹೋದವರು ತಿರುಗಿ, “ನಿಮ್ಮ ತಾಯಿಯವರನ್ನು ನಾನು ನೋಡಬಹುದೆ?” ಎಂದು ಕೇಳಿದರು.

ಆ ಭಾನುವಾರ ಹನ್ನೊಂದು ಗಂಟೆಗೆ ಸರಿಯಾಗಿ ಬಂದರು. ನಾವು ಒಂದರ್ಧ ಗಂಟೆ ತಡವಾಗಿ ಬರುತ್ತಾರೆ ಎಂದುಕೊಂಡಿದ್ದರಿಂದ ಅಮ್ಮನ ತಲೆಗೆ ಆಗಷ್ಟೇ ಎಣ್ಣೆ ಹಾಕಿಯಾಗಿತ್ತು. ಮಾಡುವುದೇನು, ಹಾಗೆಯೇ ಕೂತಳು. ಹೆಗಲ ಮೇಲೆ ಹಳೆಯ ಟವೆಲ್ಲು. ಮೇಷ್ಟ್ರಮ್ಮ ಮೂಗಿನಲ್ಲಿ ಒಮ್ಮೆ ಆಳವಾಗಿ ಉಸಿರೆಳೆದುಕೊಂಡರು. ಮೆಟ್ಟಿಲಿನ ಗೋಡೆಯ ಫೋಟೊವನ್ನು ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಅಮ್ಮನ ಎದುರಿಗೆ ಕೂತು ಒಂದೊಂದೇ ಕೇಳಿದರು. ಬಾಚಲು ಎಷ್ಟು ಹೊತ್ತು ಬೇಕಿತ್ತು, ಗಂಟು ಬಿದ್ದರೆ ಏನು ಮಾಡುತ್ತಿದ್ದರು, ಎಣ್ಣೆ ಹಾಕಿದ ಕೂದಲು ಗಾಳಿಗೆ ನಿಲ್ಲುತ್ತದೆಯೆ. ಅಮ್ಮ ಹೇಳಿದಳು, ನಾನು ಇಂಗ್ಲಿಷಿನಲ್ಲಿ ಹೇಳಿದೆ, ಅವರು ಬರೆದುಕೊಂಡರು. ಇಲ್ಲಿಗೆ ಬರತೊಡಗಿ ಇಷ್ಟು ವರ್ಷದಲ್ಲಿ ಅಮ್ಮನನ್ನು ಊಟ ಆಯಿತೆ, ಚಳಿಯೆ ಎಂಬುದರ ಆಚೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ಅವಳು ಅವತ್ತು ಹೇಳಿದ್ದೆಲ್ಲ ನಾನೂ ಮೊದಲ ಸಲ ಕೇಳುತ್ತಿದ್ದೆ. ಅವಳ ಅತ್ತಿಗೆಗೆ ಕೂದಲು ಬಹಳ ತೆಳುವಾಗಿತ್ತಂತೆ. ಒಂದು ದಿನವೂ ಹೊಟ್ಟೆಕಿಚ್ಚಿನ ಮಾತಾಡದೆ ಮೂರು ವರ್ಷ ಇವಳ ಜಡೆ ಹೆಣೆದಳಂತೆ. ಅದನ್ನು ಹೇಳುವಾಗ ಅಮ್ಮ ಟವೆಲ್ಲಿನ ತುದಿಯಿಂದ ಕಣ್ಣೊರೆಸಿಕೊಂಡಳು.

ಮೇಷ್ಟ್ರಮ್ಮ ಡಬ್ಬಿಯಿಂದ ಕಾರ್ಡು ತೆಗೆದು ಅಲ್ಲೇ ಬರೆದರು. ದಾಸಿ ಇದ್ದಳೋ ಇಲ್ಲವೋ ನಮಗೆ ಗೊತ್ತಿಲ್ಲ, ಆದರೆ ಇಷ್ಟು ಉದ್ದದ ಕೂದಲನ್ನು ಒಬ್ಬರೇ ಬಾಚಿಕೊಳ್ಳಲಾಗದು ಎನ್ನುತ್ತಾರೆ ಹಾಗೆ ಬಾಚಿಸಿಕೊಂಡು ಬಲ್ಲ ಒಬ್ಬರು. ಕೆಳಗೆ ಅಮ್ಮನ ಹೆಸರು, ಮೈಸೂರು ಎಂಬ ಊರು. ಅತ್ತಿಗೆಯ ಹೆಸರನ್ನೂ ಕೇಳಿದರು. ಅಮ್ಮ ಗಂಡನ ಹೆಸರು ಹೇಳುವವಳಲ್ಲ, ಅತ್ತಿಗೆಯ ಹೆಸರನ್ನು ಮಾತ್ರ ಎರಡು ಸಲ ಬಿಡಿಸಿ ಹೇಳಿದಳು.

ಅಮ್ಮ ಊರಿಗೆ ಹೊರಡುವ ಹಿಂದಿನ ಶನಿವಾರ ಅವಳನ್ನೂ ನಡಿಗೆಗೆ ಕರೆದುಕೊಂಡು ಹೋದೆ. ರೇಷ್ಮೆ ಸೀರೆಯ ಮೇಲೆ ನನ್ನ ಕೋಟು, ಕಾಲಿಗೆ ನನ್ನ ಮಗಳು ಬಿಟ್ಟುಹೋದ ಸ್ಪೋರ್ಟ್ಸ್ ಶೂ. ನಡಿಗೆಯನ್ನು ಮೇಷ್ಟ್ರಮ್ಮನೇ ಕೋಲು ಹಿಡಿದು ನಡೆಸುತ್ತಿದ್ದರು, ನಾನು ಮತ್ತೆ ಬಾಲ ಹಿಡಿದಿದ್ದೆ. ಪ್ರತಿಮೆಯ ಹತ್ತಿರ ಬಂದಾಗ ನನ್ನ ಕಡೆ ನೋಡಿ, ನೀವು ಹೇಳಿ, ಸರಿಯಾಗಿ ಹೇಳಿ ಎಂದರು.

ಹೇಳಿದೆ. ಬರೆದಿಟ್ಟದ್ದನ್ನು ಬರೆದಿಟ್ಟಿದ್ದಾರೆ ಎಂದೆ. ದರ್ಜಿಯನ್ನು ಆಮೇಲೆ ಸೇರಿಸಿದರು ಎಂದೆ. ಕೂದಲಿನ ಹತ್ತಿರ ಬಂದಾಗ, ನಮ್ಮಮ್ಮ ಹೇಳುತ್ತಾಳೆ ಎಂದು ಶುರುಮಾಡಿದೆ. ಜನ ಅಮ್ಮನ ಕಡೆ ತಿರುಗಿದರು. ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ಮುಗಿಸಿದಾಗ ಮುಂದಿನ ಸಾಲಿನ ಒಬ್ಬ, ಹಾಗಾದರೆ ಯಾವ ಎಣ್ಣೆ ಹಚ್ಚಿರಬಹುದು ಎಂದು ಕೇಳಿದ. ಇದೇ ಪ್ರಶ್ನೆ, ಇದೇ ಜಾಗ. ನಾನು ಅಮ್ಮನನ್ನು ಕನ್ನಡದಲ್ಲಿ ಕೇಳಿದೆ.

“ಗೊತ್ತಿಲ್ಲ ಅನ್ನು,” ಎಂದಳು ಅಮ್ಮ. “ನಾನೇನು ಹೋಗಿ ಮೂಸಿ ನೋಡಿದ್ನಾ?”

ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ, ಮೂಸುವುದನ್ನೂ ಸೇರಿಸಿ. ಎಲ್ಲರೂ ನಕ್ಕರು. ಮೇಷ್ಟ್ರಮ್ಮ ಮಾತ್ರ ನಗಲಿಲ್ಲ, ಪಾಠ ಒಪ್ಪಿಸಿದ ಒಳ್ಳೆಯ ವಿದ್ಯಾರ್ಥಿಯನ್ನು ನೋಡುವ ಹಾಗೆ ಅಮ್ಮನನ್ನು ನೋಡಿ ಗಂಭೀರವಾಗಿ ತಲೆಯಾಡಿಸಿದರು. ಮುಂದಿನ ದಾರಿ ಏರು. ಅವರಿಗೆ ಕೋಲೂ ಡಬ್ಬಿಯೂ ಎರಡನ್ನೂ ಹಿಡಿದು ನಡೆಯುವುದು ಕಷ್ಟವಾಗಿತ್ತು. ಡಬ್ಬಿಯನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಅದನ್ನು ಕಂಕುಳಲ್ಲಿ ಅವುಚಿಕೊಂಡಳು. ಇಬ್ಬರೂ ಒಬ್ಬರ ಮಾತು ಇನ್ನೊಬ್ಬರಿಗೆ ಬಾರದೆ, ಏನೋ ಹೇಳಿಕೊಳ್ಳುತ್ತಾ ಮುಂದೆ ನಡೆದರು. ನಾನು ಓಡಿಹೋಗಿ, ಕೊಡಮ್ಮ ನಾನು ಹಿಡಿದುಕೊಳ್ಳುತ್ತೇನೆ ಎಂದು ಕೈ ಚಾಚಿದೆ. ಇಬ್ಬರೂ ಕೊಡಲಿಲ್ಲ.